ಆಯಿ ಕೇಳಿದ್ದು

ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ದುಡಿದ ಆಯಿಗೆ ಬಾಯಿ ಕ್ಯಾನ್ಸರ್. ರಜೆಗೆ ಬಂದಾಗ ಕೇಳಿದಳು: "ನಿನ್ನ ಮಷೀನದಾಗ ಇದು ಆರಾಮ ಆಗತೈತೇನಪಾ?"

ನನ್ನ ಪ್ರಯೋಗ ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲಿ. ಅಲ್ಲಿನ 15 ದಶಲಕ್ಷ ವೋಲ್ಟಿನ ಪೆಲೆಟ್ರಾನ್ ಕಟ್ಟಿದ್ದು ಮುಖ್ಯವಾಗಿ ಭೌತವಿಜ್ಞಾನಕ್ಕೆ. ಇಂಗಾಲದ ಅಯಾನುಗಳು ಓಡುವುದು ನಿರ್ವಾತ ಕೊಳವೆಯಲ್ಲಿ. ಜೀವಕೋಶ ಅಲ್ಲಿ ಬದುಕದು. ಅದಕ್ಕೇ ಒಂದು ಕೊಳವೆಯ ತುದಿಗೆ ತೆಳು ಹಾಳೆಯ ಕಿಟಕಿ ಕೂರಿಸಿ ಕಿರಣವನ್ನು ಗಾಳಿಗೆ ತಂದಿದ್ದಾರೆ. ಕ್ಯಾನ್ಸರ್ ಕೋಶಗಳ ತಟ್ಟೆಯನ್ನು ಅದರೆದುರು ನಿಲ್ಲಿಸುತ್ತೇವೆ.

ಅಯಾನು ನಿಲ್ಲುವ ಮುನ್ನ ತನ್ನ ಶಕ್ತಿಯ ದೊಡ್ಡ ಪಾಲನ್ನು ಒಂದೆಡೆ ಸುರಿಯುತ್ತದೆ. ಗಡ್ಡೆಯನ್ನಷ್ಟೇ ಸುಡುವ ಆಸೆ ಹುಟ್ಟುವುದು ಅಲ್ಲಿ. ಆದರೆ ನಮ್ಮ ಕಿರಣ ಮೈಯೊಳಗೆ ಒಂದು ಮಿಲಿಮೀಟರೂ ಇಳಿಯದು.

"ಇಲ್ಲ ಆಯಿ, ಮುಂದ ಬರೋರಿಗೆ ಆದೀತು."

ಅವಳು ತುಸು ಹೊತ್ತು ಸುಮ್ಮನಿದ್ದು, "ಗಂಜಿ ಆರೇತೇನ ನೋಡು" ಅಂದಳು.