ಹಿತ್ತಿಲ ಗಂಧ

ಯೋಗಶಾಸ್ತ್ರದಲ್ಲಿ ನಿಯಮವೆಂದರೆ ಒಬ್ಬನು ತನಗೆ ತಾನೇ ವಿಧಿಸಿಕೊಂಡ ಕಟ್ಟು. ಶೌಚ, ಸಂತೋಷ, ತಪಸ್ಸು, ಸ್ವಾಧ್ಯಾಯ, ಈಶ್ವರಪ್ರಣಿಧಾನ ಎಂಬ ಐದನ್ನೂ ಯಾವ ಅಧಿಕಾರಿಯೂ ಮನೆಗೆ ಬಂದು ಪರೀಕ್ಷಿಸುವುದಿಲ್ಲ. ಲೋಕವ್ಯವಹಾರದಲ್ಲಿ ಆ ಶಬ್ದಕ್ಕೆ ಈಗ ಬಂದಿರುವ ಅರ್ಥವು ಬೇರೆ. ಇನ್ನೊಬ್ಬನು ವಿಧಿಸಿ, ಮೀರಿದರೆ ದಂಡಿಸುವುದೇ ನಿಯಮವೆನಿಸಿದೆ. ಮೂವತ್ತು ವರ್ಷಗಳ ಕಾಲ ಹುಡುಗರಿಗೆ ಸಂಸ್ಕೃತವನ್ನು ಹೇಳಿಕೊಟ್ಟ ನನಗೆ ಈ ಎರಡರ ಅಂತರವು ಗ್ರಂಥಗಳಿಗಿಂತ ಹೆಚ್ಚಾಗಿ ನಮ್ಮ ಸೀಮೆಯ ಒಂದು ಮರದಿಂದ ತಿಳಿದುಬಂದಿತು. ಶ್ರೀಗಂಧವೇ ಆ ಮರ.

1792ರಲ್ಲಿ ಟಿಪ್ಪು ಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದನು. ಬಳಿಕ ಅರಸರು ಬದಲಾದರು, ಪ್ರಜಾರಾಜ್ಯವೂ ಬಂದಿತು. ಮರದ ಮೇಲಣ ಹಿಡಿತ ಮಾತ್ರ ಸಡಿಲಲಿಲ್ಲ. 1963ರ ಅರಣ್ಯ ಕಾಯಿದೆಯೂ ಅದನ್ನೇ ಉಳಿಸಿಕೊಂಡಿತು. ಭೂಮಿಯು ರೈತನದು, ಕಂದಾಯ ಕೊಡುವವನೂ ರೈತನು. ಅವನ ಬೇಲಿಯಲ್ಲಿ ತಾನಾಗಿ ಹುಟ್ಟಿದ ಗಂಧವು ಮಾತ್ರ ಸರಕಾರದ್ದು. ಅವನು ಕಡಿದರೆ ಅಪರಾಧ. ಕಳ್ಳರು ಕಡಿದೊಯ್ದರೂ ಮೊದಲ ಪ್ರಶ್ನೆಗೆ ಗುರಿಯಾಗುವವನು ಅವನೇ. ಕೌಟಿಲ್ಯನು ಸಹ ಕಾಡಿನ ಸರಕುಗಳಿಗೆ ಕುಪ್ಯಾಧ್ಯಕ್ಷನೆಂಬ ಅಧಿಕಾರಿಯನ್ನು ಹೇಳಿರುವನು. (ಆ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಶಾಮಾಶಾಸ್ತ್ರಿಗಳು ಲೋಕಕ್ಕೆ ತೋರಿಸಿ 1909ರಲ್ಲಿ ಅಚ್ಚಿಗೆ ತಂದದ್ದು ನಮ್ಮ ಮೈಸೂರಿನಲ್ಲಿಯೇ ಎಂಬುದು ನಮಗೊಂದು ಹೆಮ್ಮೆ.) ಕಾಡಿಗೆ ಅಧ್ಯಕ್ಷನಿರುವುದು ನನಗೂ ಸಮ್ಮತವೇ. ಗೃಹಸ್ಥನ ಹಿತ್ತಿಲಿಗೂ ಅವನೇ ಬಂದು ಕುಳಿತರೆ ಹೇಗೆ?

ಗಂಧದ ಹಣ್ಣನ್ನು ಪಿಕಳಾರ, ಕೋಗಿಲೆ ಮೊದಲಾದ ಹಕ್ಕಿಗಳು ತಿಂದು ಬೀಜವನ್ನು ಬೇಲಿಸಾಲಿನಲ್ಲಿ ಉದುರಿಸುತ್ತವೆ. ಮೊಳೆತ ಸಸಿಯು ನೆರೆಗಿಡದ ಬೇರಿಗೆ ತನ್ನ ಬೇರನ್ನು ತಗುಲಿಸಿ, ಆಹಾರದ ಒಂದು ಪಾಲನ್ನು ಅದರಿಂದ ಹೀರಿಕೊಂಡು ಬೆಳೆಯುತ್ತದೆ. ನಾನು ಚಿಕ್ಕವನಾಗಿದ್ದಾಗ ಅಂತಹ ಸಸಿಯು ನಮ್ಮ ಹೊಲದ ಬದುವಿನಲ್ಲಿ ಕಂಡೊಡನೆ ತಂದೆಯವರು ಅದನ್ನು ಕಳೆಯಂತೆ ಕಿತ್ತುಹಾಕುತ್ತಿದ್ದರು. ದಿನವೂ ಬೆಳಗ್ಗೆ ದೇವರಿಗೆ ಗಂಧವನ್ನು ತೇಯುವ ಕೈಯೇ ಅದು! ಒಂದು ದಿನ ನಮ್ಮ ತಾಯಿಯವರು, "ದೇವರಿಗೆ ಆಗುವ ಗಿಡವನ್ನು ಯಾಕೆ ಕೀಳುತ್ತೀರಿ?" ಎಂದು ಕೇಳಲು, ತಂದೆಯವರು, "ಬೆಳೆದರೆ ನಮ್ಮದಲ್ಲ ಕಣೇ, ಕಳುವಾದರೆ ಮಾತ್ರ ನಮ್ಮದು" ಎಂದರು.

ಗಂಧವು ನಾಡಿನಲ್ಲಿ ಕ್ಷೀಣಿಸಿದ್ದಕ್ಕೆ ಕಳ್ಳರ ಕೊಡಲಿಯನ್ನು ಎಲ್ಲರೂ ಹೇಳುತ್ತಾರೆ. 1899ರಲ್ಲಿ ನಮ್ಮ ನೆರೆಯ ಕೊಡಗಿನಲ್ಲಿ ಮೊದಲು ಗುರುತಿಸಲ್ಪಟ್ಟ, ಎಲೆಗಳನ್ನು ಕಿರಿದಾಗಿಸಿ ಮರವನ್ನೇ ಕೊಲ್ಲುವ ಸ್ಪೈಕ್ ರೋಗವನ್ನೂ ತಿಳಿದವರು ಹೇಳುತ್ತಾರೆ. ಬದುಬದುಗಳಲ್ಲಿ ಹೀಗೆ ಸದ್ದಿಲ್ಲದೆ ಕಿತ್ತುಹೋದ ಸಸಿಗಳ ಲೆಕ್ಕವು ಯಾವ ಕಡತದಲ್ಲಿಯೂ ಇಲ್ಲ. ಮರವನ್ನು ರಕ್ಷಿಸಬೇಕೆಂದೇ ಹುಟ್ಟಿದ ಶಾಸನವು, ಅದನ್ನು ಅತ್ಯಂತ ಸಮೀಪದಿಂದ ಕಾಯಬಲ್ಲವನನ್ನೇ ಶಂಕೆಗೆ ಗುರಿಮಾಡಿ ದೂರ ತಳ್ಳಿತು. 2001ರಲ್ಲಿ ಕಾಯಿದೆಯು ತಿದ್ದುಪಡಿಯಾಗಿ, ಹೊಲದ ಗಂಧವು ಹೊಲದೊಡೆಯನಿಗೇ ಸೇರತಕ್ಕದ್ದೆಂದಾಯಿತು. ಅಷ್ಟಾಗುವುದಕ್ಕೆ 209 ವರ್ಷಗಳು ಬೇಕಾದುವು. ಅಂದಿನಿಂದ ನಾಡಿನ ಹಲವೆಡೆಗಳಲ್ಲಿ ರೈತರು ತಾವಾಗಿ ಗಂಧವನ್ನು ನೆಟ್ಟು, ತಂತಿಬೇಲಿ ಬಿಗಿದು, ನಾಯಿ ಸಾಕಿ ಕಾಯುತ್ತಿದ್ದಾರೆ. ಕಡಿಯಬೇಕಾದರೆ ಇಂದಿಗೂ ಇಲಾಖೆಯ ಅಪ್ಪಣೆ ಬೇಕೆನ್ನಿ.

ಇಷ್ಟನ್ನು ಹೇಳಿ, ಕಂಪಲಾಪುರದವನಾದ ನಾನು ಹೊಗೆಸೊಪ್ಪಿನ ವಿಷಯದಲ್ಲಿ ಮೌನವಾಗಿದ್ದರೆ ಊರವರು ನಗುವರು. 1975ರ ಕಾಯಿದೆಯಿಂದ ತಂಬಾಕು ಮಂಡಳಿಯು ಹುಟ್ಟಿತು. 1984ರಲ್ಲಿ ಕರ್ನಾಟಕದಲ್ಲಿ ಅದರ ಹರಾಜು ಮೊದಲಾಯಿತು. ನಮ್ಮೂರಿನಲ್ಲಿಯೂ ಹರಾಜು ಮಾರುಕಟ್ಟೆ ಉಂಟು. ಬೆಲೆಯು ಹತ್ತು ಜನರ ಎದುರಿಗೆ ಕೂಗಲ್ಪಡುವಂತಾದದ್ದು ರೈತನಿಗೆ ಉಪಕಾರವೇ. ಅದನ್ನು ಅಲ್ಲಗಳೆಯುವವನು ನಾನಲ್ಲ. ಸೇದುವವನ ಹೊಗೆಯು ಪಕ್ಕದವನ ಎದೆಗೆ ಹೋಗಬಾರದೆಂದು 2003ರ ಕಾಯಿದೆಯು ತಡೆಯುವುದೂ ನ್ಯಾಯವೇ, ಏಕೆಂದರೆ ಅಲ್ಲಿ ಪರಪೀಡೆಯುಂಟು. ಬ್ಯಾರನ್ನಿನಲ್ಲಿ ಸುಡುವ ಸೌದೆಗೆ ಲೆಕ್ಕ ಕೇಳಿದರೂ ನಾನು ಆಕ್ಷೇಪಿಸೆನು, ಕಾಡು ಎಲ್ಲರದು.

ನನ್ನ ತಕರಾರು ಲೈಸೆನ್ಸಿನದು. ಇಷ್ಟೇ ಬೆಳೆಯತಕ್ಕದ್ದೆಂದು ಪ್ರತಿವರ್ಷವೂ ಪ್ರಮಾಣವು ಗೊತ್ತಾಗುತ್ತದೆ. ಮಳೆಯು ಆ ಪ್ರಮಾಣವನ್ನು ಓದಿಕೊಂಡು ಸುರಿಯುವುದಿಲ್ಲವಷ್ಟೆ. ಹೆಚ್ಚು ಬೆಳೆದವನಿಗೂ ಲೈಸೆನ್ಸಿಲ್ಲದೆ ಬೆಳೆದವನಿಗೂ ದಂಡ; ದಂಡದ ಹಿಂದೆ ಅರ್ಜಿ; ಅರ್ಜಿಯ ಹಿಂದೆ ಮುಖಂಡರ ದೆಹಲಿಯಾತ್ರೆ. ಕೆಲವು ವರ್ಷ ಸರಕಾರವು ದಂಡವನ್ನು ಮನ್ನಿಸಿದೆ, ಕೆಲವು ವರ್ಷ ಇಲ್ಲ. ಒಂದು ವರ್ಷ ಹಿಡಿದು ಮತ್ತೊಂದು ವರ್ಷ ಬಿಡುವ ಇಂತಹ ವಿಧಿಯಿಂದ ಬೆಳೆಗಾರನು ಕಲಿಯುವುದು ವಿಧೇಯತೆಯನ್ನಲ್ಲ, ಯಾಚನೆಯನ್ನು. ತನ್ನ ನೆಲದಲ್ಲಿ ತನ್ನ ಬೆವರಿನಿಂದ ಬೆಳೆದುದನ್ನು ಮಾರಲು, ಕಳವಿನ ಮಾಲನ್ನು ತಂದವನಂತೆ ತಲೆತಗ್ಗಿಸಿ ನಿಲ್ಲುತ್ತಾನೆ.

ನನ್ನ ಹಳೆಯ ಶಿಷ್ಯನೊಬ್ಬನು ಲೈಸೆನ್ಸಿಲ್ಲದ ಬೆಳೆಗಾರ. ಹಿಂದೊಂದು ಹಂಗಾಮಿನಲ್ಲಿ ಅವನು ಕಾಗದ ತಂದು, "ಮೇಷ್ಟ್ರೇ, ದಂಡ ಬಿಡಿಸಿಕೊಡಿ ಎಂದು ಒಂದು ಅರ್ಜಿ ಬರೆದುಕೊಡಬೇಕು, ಮೊದಲನೆಯ ಸಾಲಿನಲ್ಲಿಯೇ ತಪ್ಪಾಯಿತು ಎಂದು ಹಾಕಿ" ಎಂದನು. ನಾನು ಅವನ ಹೊಲದ ವಿಸ್ತೀರ್ಣ, ಬೇಲುಗಳ ಸಂಖ್ಯೆ, ಅವುಗಳ ತೂಕ, ಬ್ಯಾಂಕಿನ ಸಾಲ ಇವಿಷ್ಟನ್ನೂ ಬರೆದು, ದಂಡವನ್ನು ಮನ್ನಿಸತಕ್ಕದ್ದೆಂದು ಕೇಳಿ ಮುಗಿಸಿದೆನು. ಅವನು ಎರಡು ಸಲ ಓದಿಕೊಂಡನು.

"ತಪ್ಪಾಯಿತು ಅನ್ನೋದು ಎಲ್ಲೂ ಇಲ್ಲವಲ್ಲ, ಮೇಷ್ಟ್ರೇ?" ಎಂದನು.

"ಏನು ತಪ್ಪು ಮಾಡಿದೆ, ಹೇಳು, ಬರೆಯುತ್ತೇನೆ" ಎಂದೆನು.

ಅವನು ಸ್ವಲ್ಪ ಹೊತ್ತು ಯೋಚಿಸಿ, ಕಾಗದವನ್ನು ಹಾಗೆಯೇ ಮಡಿಸಿ ಜೇಬಿಗಿಟ್ಟುಕೊಂಡನು.