ಯಾಣದ ಮೆಟ್ಟಿಲ ಮೇಲೆ

ಬೇಸಿಗೆ ರಜೆ ಎಂಬ ಸುಖವನ್ನು ನಾನು ಕಂಡದ್ದು ನಿವೃತ್ತಿಯಾದ ಮೇಲೆಯೇ. ಬ್ಯಾಂಕಿನಲ್ಲಿ ಮಾರ್ಚ್ ಕೊನೆಯ ಲೆಕ್ಕ, ಅದರ ಬೆನ್ನಿಗೇ ಆಡಿಟ್. ಅದೆಲ್ಲ ಮುಗಿಯುವ ಹೊತ್ತಿಗೆ ಮಕ್ಕಳ ಶಾಲೆ ತೆರೆಯುವ ದಿನ ಬಂದಿರುತ್ತಿತ್ತು.

ಈ ವರ್ಷ ಆರನೇ ತರಗತಿ ಮುಗಿಸಿದ ಮೊಮ್ಮಗಳಿಗೆ ರಜೆಯ ಕೆಲಸ ಕೊಟ್ಟಿದ್ದರು: ನಿಮ್ಮ ಊರಿನ ಬಗ್ಗೆ ಎರಡು ಪುಟ ಬರೆಯಿರಿ. “ಅಜ್ಜ, ನಮ್ಮ ಊರು ಯಾವುದು?” ಎಂದಳು. ಕುಮಟೆ ಎಂದೆ. “ಹಾಗಾದರೆ ನಾನು ಯಾಕೆ ನೋಡಿಲ್ಲ?”

ಅದಕ್ಕೆ ಉತ್ತರವಿತ್ತು, ಆದರೆ ಮಕ್ಕಳಿಗೆ ಹೇಳುವಂಥದ್ದಲ್ಲ. 12 ವರ್ಷಗಳ ಹಿಂದೆ ಅಪ್ಪನ ಮನೆ ಪಾಲಾಗುವಾಗ, ಮಾಡಿನ ಹೆಂಚು ಬದಲಾಯಿಸಿದ ಖರ್ಚಿನ ವಿಷಯಕ್ಕೆ ನನಗೂ ತಮ್ಮನಿಗೂ ಮಾತಿಗೆ ಮಾತು ಬೆಳೆದಿತ್ತು. ಅವನು ನನಗೆ 18,000 ರೂಪಾಯಿ ಕೊಡಬೇಕು ಎಂಬುದು ನನ್ನ ಲೆಕ್ಕ. ಅವನು ಕೊಡಲಿಲ್ಲ, ನಾನು ಹೋಗಲಿಲ್ಲ.

ಎರಡು ದಿನ ಯೋಚಿಸಿ ಫೋನು ಮಾಡಿದೆ. “ಬಾ ಅಣ್ಣ, ಮಾವು ಹಣ್ಣಾಗ್ತಾ ಇದೆ” ಎಂದನಷ್ಟೆ.

ಪಂಚಗಂಗಾ ರೈಲಿನಲ್ಲಿ ಹೊರಟೆವು. ಬೆಳಗಿನ ಹೊತ್ತು ಹೊನ್ನಾವರದ ಬಳಿ ಶರಾವತಿಯ ಸೇತುವೆ ಬಂತು. ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಅದು. ಎಡಕ್ಕೆ ನದಿ ಸಮುದ್ರ ಸೇರುವ ಕಡೆ, ಬಲಕ್ಕೆ ಘಟ್ಟದ ಸಾಲು. ಮೊಮ್ಮಗಳು ಒಮ್ಮೆ ಆ ಕಿಟಕಿಗೆ, ಒಮ್ಮೆ ಈ ಕಿಟಕಿಗೆ ಓಡಿದಳು. ನಾನು ಮಾತ್ರ ತಮ್ಮನ ಎದುರು ಮೊದಲು ಏನು ಹೇಳುವುದು ಎಂದು ಚಿಂತಿಸುತ್ತಿದ್ದೆ. ಚಿಂತಿಸಿದ್ದು ದಂಡ. ನಿಲ್ದಾಣದಲ್ಲಿ ಅವನು ಏನೂ ಮಾತಾಡದೆ ನನ್ನ ಚೀಲ ಹೊತ್ತುಕೊಂಡು ಮುಂದೆ ನಡೆದ.

ಮೊದಲೆರಡು ದಿನ ಅಘನಾಶಿನಿ ನದಿಯ ದಡದಲ್ಲೇ ಕಳೆದವು. ಮಕ್ಕಳೇ, ‘ಅಘ’ ಎಂದರೆ ಪಾಪ. ಅದನ್ನು ಕಳೆಯುವವಳು ಅಘನಾಶಿನಿ. ಶಿರಸಿಯ ಕಡೆ ಹುಟ್ಟಿ, ಎಲ್ಲೂ ದೊಡ್ಡ ಅಣೆಕಟ್ಟಿಗೆ ಸಿಗದೆ ಸಮುದ್ರ ಸೇರುತ್ತಾಳೆ. ಇಳಿತದ ಹೊತ್ತಿನಲ್ಲಿ ನೀರು ಸರಿದಾಗ ಜನ ಸೊಂಟದ ಮಟ್ಟದ ನೀರಿಗಿಳಿದು ಬಳಚು ಹೆಕ್ಕುತ್ತಾರೆ. ಅದು ಎಷ್ಟೋ ಮನೆಗಳ ಸಂಪಾದನೆ. ಅಘನಾಶಿನಿ ಊರಿನಿಂದ ದೋಣಿಯಲ್ಲಿ ಆಚೆ ದಡದ ತದಡಿಗೆ ದಾಟಿದೆವು. ಅಲ್ಲಿಂದ ಸಾಣಿಕಟ್ಟೆಯ ಉಪ್ಪಿನಾಗರ. ಉಪ್ಪುನೀರನ್ನು ಗದ್ದೆಗಳಿಗೆ ಹಾಯಿಸಿ ಬಿಸಿಲಿಗೆ ಬಿಡುತ್ತಾರೆ; ನೀರು ಆರಿದ ಮೇಲೆ ಉಪ್ಪನ್ನು ಕೆರೆದು ರಾಶಿ ಹಾಕುತ್ತಾರೆ. ಮೊಮ್ಮಗಳು ಒಂದು ಹರಳು ಬಾಯಿಗೆ ಹಾಕಿಕೊಂಡು ಮುಖ ಹಿಂಡಿದಳು. ಉಬ್ಬರ ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತದೆ ಎಂದಾಗ, “ಸಮುದ್ರಕ್ಕೆ ಮಾತ್ರ ಲೇಟಾದರೆ ಯಾರೂ ಬೈಯಲ್ಲ” ಎಂದು ಬರೆದುಕೊಂಡಳು.

ಮನೆಯಲ್ಲಿ ತಮ್ಮನ ಹೆಂಡತಿ ಮುರುಗಲ ಪಾನಕ, ಅಪ್ಪೆಹುಳಿ, ತೊಡದೇವು ಎಂದು ಉಪಚರಿಸಿದ್ದೇ ಉಪಚರಿಸಿದ್ದು. ಹೆಂಚಿನ ಮಾತು ಯಾರೂ ಎತ್ತಲಿಲ್ಲ. ಆ ಹೆಂಚಿನ ಕೆಳಗೇ ಮಲಗಿ, ರಾತ್ರಿ ಅದನ್ನೇ ನೋಡುತ್ತಿದ್ದೆ.

ಮೂರನೇ ದಿನ ಯಾಣ. ನಮ್ಮ ಕಡೆ ಒಂದು ಗಾದೆಯಿದೆ: ಸೊಕ್ಕಿದ್ದವನು ಯಾಣಕ್ಕೆ, ರೊಕ್ಕಿದ್ದವನು ಗೋಕರ್ಣಕ್ಕೆ. ಹಿಂದೆ ದಟ್ಟ ಕಾಡಿನಲ್ಲಿ ಮೈಲಿಗಟ್ಟಲೆ ನಡೆಯಬೇಕಿತ್ತು, ಅದಕ್ಕೇ ಆ ಮಾತು. ಈಗ ವಾಹನ ಬಹಳ ಹತ್ತಿರಕ್ಕೆ ಹೋಗುತ್ತದೆ. ಆದರೂ ಕೊನೆಯ ಮೆಟ್ಟಿಲುಗಳು ನನ್ನ ಮಂಡಿಗೆ ದಕ್ಕಲಿಲ್ಲ. ಮರಗಳ ನಡುವಿನಿಂದ ಭೈರವೇಶ್ವರ ಶಿಖರ ಕಾಣುತ್ತಿತ್ತು. 120 ಮೀಟರ್ ಎತ್ತರದ ಕಪ್ಪು ಸುಣ್ಣಕಲ್ಲು, ಪಕ್ಕದಲ್ಲಿ 90 ಮೀಟರಿನ ಮೋಹಿನಿ ಶಿಖರ. ಭಸ್ಮಾಸುರ ಇಲ್ಲೇ ಸುಟ್ಟು ಬೂದಿಯಾದ, ಅದಕ್ಕೇ ಇಲ್ಲಿಯ ಮಣ್ಣು ಕಪ್ಪು ಎಂಬುದು ಕತೆ. ತಮ್ಮನ ಮಗ ಮೊಮ್ಮಗಳನ್ನು ಗುಹೆಯ ಲಿಂಗದ ಮೇಲೆ ನೀರು ತೊಟ್ಟಿಕ್ಕುವುದನ್ನು ತೋರಿಸಲು ಕರೆದೊಯ್ದ. ನಾವಿಬ್ಬರು ಮುದುಕರು ಮೆಟ್ಟಿಲ ಮೇಲೆ ಕುಳಿತೆವು.

ಬಹಳ ಹೊತ್ತಿನ ಮೇಲೆ ನಾನೇ ಕೇಳಿದೆ: “ಆ ಹೆಂಚಿನ ಲಾರಿ ಬಾಡಿಗೆ ಯಾರು ಕೊಟ್ಟಿದ್ದು?”

“ನಾನೇ. ಬಡಗಿಯ ಕೂಲಿಯೂ ನನ್ನದೇ. ಪಕಾಸೆಲ್ಲ ಗೆದ್ದಲು ತಿಂದಿತ್ತಲ್ಲ, ಹೊಸದು ಹಾಕಿಸಿದೆ.”

“ಆಗಲೇ ಯಾಕೆ ಹೇಳಲಿಲ್ಲ?”

“ನೀನು ಕೇಳಲಿಲ್ಲ. ಪಟ್ಟಿ ತಂದು ಓದಿದೆ.”

ಬ್ಯಾಂಕಿನಲ್ಲಿ ಹತ್ತು ಪೈಸೆ ವ್ಯತ್ಯಾಸ ಬಂದರೂ ರಾತ್ರಿಯವರೆಗೆ ಕೂತು ಹುಡುಕಿದವನು ನಾನು. ತಮ್ಮನ ಖರ್ಚಿನ ಬದಿಯನ್ನು ಮಾತ್ರ ಒಮ್ಮೆಯೂ ತಿರುವಿ ನೋಡಿರಲಿಲ್ಲ. ಮನಸ್ಸಿನಲ್ಲೇ ಕೂಡಿ ನೋಡಿದೆ. ಕೊಡಬೇಕಾದವನು ಬಹುಶಃ ನಾನೇ. ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು, “ನೀರು ಕುಡಿ, ಬೆವರಿದ್ದೀಯ” ಎಂದು ಬಾಟಲಿ ಚಾಚಿದ. ಕುಡಿದು, ಆಮೇಲೆ ಹೇಳಿದೆ. ಅವನು ತಲೆಯಾಡಿಸಿ ಶಿಖರದ ಕಡೆ ನೋಡಿದ. ನಾನೂ ನೋಡಿದೆ. ಕಲ್ಲಿನ ಬಿರುಕುಗಳಲ್ಲಿ ಹೆಜ್ಜೇನಿನ ಗೂಡುಗಳು ತೂಗುತ್ತಿದ್ದವು.

ಹಿಂತಿರುಗುವಾಗ ಒಂದು ಬುಟ್ಟಿ ಮಾವು ರೈಲಿಗೆ ಹತ್ತಿತು. ಸುಬ್ರಹ್ಮಣ್ಯದಿಂದ ಸಕಲೇಶಪುರದವರೆಗಿನ 57 ಸುರಂಗಗಳನ್ನು ಎಣಿಸಬೇಕು, ಆಗ ಎಬ್ಬಿಸಬೇಕು ಎಂದು ಮೊಮ್ಮಗಳು ಮಾತು ತೆಗೆದುಕೊಂಡು ಮಲಗಿದಳು. ಹೇಗೂ ರಾತ್ರಿಯೆಲ್ಲ ಎಚ್ಚರವಿರುವವನು ತಾನೇ ಎಂದು ಒಪ್ಪಿಕೊಂಡಿದ್ದೆ. ಕಣ್ಣು ಬಿಟ್ಟಾಗ ಯಶವಂತಪುರ ಬಂದಿತ್ತು. ಅವಳು ಮನೆ ತಲುಪುವವರೆಗೂ ನನ್ನೊಡನೆ ಮಾತಾಡಲಿಲ್ಲ.