ನಾಗಾವಿ ದಾರಿಯಿಂದ ಗಚ್ಚಿಬೌಲಿಗೆ

ನಮ್ಮ ಚಿತ್ತಾಪುರ, ಸೇಡಂ ಕಡೆಯವರಿಗೆ ದೊಡ್ಡ ಊರು ಅಂದರೆ ಮೊದಲಿನಿಂದ ಹೈದ್ರಾಬಾದು. ದೊಡ್ಡ ದವಾಖಾನೆಗೆ ಅಲ್ಲಿಗೇ, ಮದುವೆ ಜವಳಿಗೆ ಅಲ್ಲಿಗೇ, ಮಳೆ ಕೈಕೊಟ್ಟ ವರ್ಷ ಕೂಲಿಗೂ ಅಲ್ಲಿಗೇ. ನಿಜಾಮರ ಕಾಲದಲ್ಲಿ, 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ರೈಲು ಓಡತೊಡಗಿದ ಮೇಲಂತೂ ನಮ್ಮ ಮಂದಿ ಗಂಟು ಕಟ್ಟಿದರೆ ಆ ಕಡೆಗೇ ಅಂತ ಆಗಿಬಿಟ್ಟಿತು. ನಾನು ಮೊದಲ ಸಲ ಪೂರಾ ಮ್ಯಾರಥಾನ್ ಓಡಿದ್ದೂ ಅಲ್ಲೇ. ಯಾವ ವರ್ಷ ಅಂದರೆ ಸ್ವಲ್ಪ ತಡಕಾಡಬೇಕು. ದುರ್ಗಂ ಚೆರುವಿನ ಮೇಲಿನ ಕೇಬಲ್ ಸೇತುವೆ 2020ರಲ್ಲಿ ತೆರೆಯಿತಲ್ಲ, ಅದಾಗಿ ಎರಡೋ ಮೂರೋ ಮಳೆಗಾಲ ಕಳೆದಿದ್ದವು. ಆ ವಾರ ನಮ್ಮಲ್ಲಿ ಹೆಸರಿನ ರಾಶಿ ನಡೆದಿತ್ತು, ತೊಗರಿ ಮೊಳಕಾಲೆತ್ತರ ಬಂದಿತ್ತು. ಅಷ್ಟು ಚೆನ್ನಾಗಿ ನೆನಪಿದೆ.

ಓಡುವ ಹುಚ್ಚು ಹಚ್ಚಿದವರು ಶಹಾಬಾದ ಕಡೆಯ ಒಬ್ಬ ಪಿ.ಟಿ. ಮಾಸ್ತರ್ರು. ನಿವೃತ್ತರಾಗಿ ಬಹಳ ವರ್ಷವಾಗಿದ್ದರೂ ಕೊರಳಲ್ಲಿ ಸೀಟಿ ತಪ್ಪದು. ಮದುವೆ ಊಟಕ್ಕೆ ಬಂದಾಗಲೂ ಅಂಗಿಯೊಳಗೆ ಅದರ ದಾರ ಕಾಣುತ್ತಿತ್ತು. ನಾವು ಓಡುವಾಗ ಅವರು ಸೈಕಲ್ ಮೇಲೆ ಹಿಂದೆ ಬರುವರು. ಹ್ಯಾಂಡಲ್ಲಿಗೆ ಒಂದು ಬಟ್ಟೆ ಚೀಲ, ಅದರಲ್ಲಿ ಶೇಂಗಾ ಉಂಡಿ, ಒಂದು ಬಾಟಲಿ ನೀರು, ಮೂಲೆ ಮಡಚಿದ ಒಂದು ಚಿಕ್ಕ ನೋಟುಬುಕ್ಕು. ಶಹಬ್ಬಾಸ್ ಅನ್ನುವ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. "ಇನ್ನಾ ಹತ್ತ್ ಮಿನಿಟು" ಅನ್ನುವರು. ಅದೇ ಮೆಚ್ಚುಗೆ, ಅದೇ ಬೈಗುಳ.

ಓಡಲು ಬರುತ್ತಿದ್ದವರು ಮುಖ್ಯವಾಗಿ ಇಬ್ಬರು. ಒಬ್ಬ ನಾನು. ಇನ್ನೊಬ್ಬ ಪರ್ಸಿ ಖಣಿಯಲ್ಲಿ ಕೆಲಸ ಮಾಡುವ ಹುಡುಗ, ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ಮಾತು ಕಮ್ಮಿ. ಕಲ್ಲು ಎತ್ತಿ ಎತ್ತಿ ಅವನ ಹೆಗಲು ಅಗಲವಾಗಿದ್ದವು, ಕಾಲು ಮಾತ್ರ ಸಪೂರ. ಊರಿಂದ ಹೊರಟು ನಾಗಾವಿ ಎಲ್ಲಮ್ಮನ ಗುಡಿ ಮುಂದೆ ಹಾದು, ಹೊಲದ ದಾರಿ ಹಿಡಿದು ಸುತ್ತಿ ಬರುವುದು ನಮ್ಮ ದಿನದ ಓಟ. ಬೇಸಿಗೆಯಲ್ಲಿ ನಾಲ್ಕಕ್ಕೇ ಹೊರಡಬೇಕು. ನಮ್ಮಲ್ಲಿ ಮೇ ತಿಂಗಳ ಬಿಸಿಲು ನಲವತ್ಮೂರು ನಲವತ್ನಾಕು ಡಿಗ್ರಿ ಮುಟ್ಟುತ್ತದೆ. ಸೂರ್ಯ ಮೂಡಿ ಒಂದು ತಾಸಾದರೆ ರಸ್ತೆ ಕೈಬಿಡುತ್ತದೆ. ಮಳೆ ಬಿದ್ದ ಮೇಲೆ ಬೇರೆ ತೊಂದರೆ. ಎರಿ ಮಣ್ಣು ಬೂಟಿಗೆ ಹತ್ತಿದರೆ ಒಂದೊಂದು ಕಾಲು ಸೇರುಗಟ್ಟಲೆ ತೂಗುತ್ತದೆ. ನಿಂತು ಕಡ್ಡಿಯಿಂದ ಕೆರೆದು ತೆಗೆದು ಮತ್ತೆ ಓಡಬೇಕು.

ನಾಗಾವಿ ಅಂದೆ, ಒಂದು ಮಾತು ಹೇಳಿಯೇ ಮುಂದೆ ಹೋಗುತ್ತೇನೆ. ಚಾಲುಕ್ಯರ ಕಾಲದಲ್ಲಿ ಅದು ಘಟಿಕಾಸ್ಥಾನ, ದೊಡ್ಡ ವಿದ್ಯಾಪೀಠ. 1058ರ ಅಲ್ಲಿನ ಶಾಸನದಲ್ಲಿ ಓದುವ ವಿದ್ಯಾರ್ಥಿಗಳಿಗೂ ಕಲಿಸುವ ಗುರುಗಳಿಗೂ ಏರ್ಪಾಟು ಮಾಡಿದ್ದಿದೆ, ಪುಸ್ತಕ ಕಾಯುವ ಸರಸ್ವತಿ ಭಂಡಾರಿಗರಿಗೂ ಇದೆ. ಅರವತ್ತು ಕಂಬದ ಗುಡಿ ಇವತ್ತಿಗೂ ನಿಂತಿದೆ. ಅದರ ಕಟ್ಟೆ ಮೇಲೆ ಕೂತು ನಾವು ಶೇಂಗಾ ಉಂಡಿ ತಿನ್ನುತ್ತಿದ್ದೆವು. ಮಾಸ್ತರ್ರು ಅಲ್ಲೇ ನಮಗೆ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರ ಕಥೆ ಹೇಳಿದ್ದು. 1920ರ ಆಂಟ್ವರ್ಪ್ ಒಲಿಂಪಿಕ್ಸಿನಲ್ಲಿ ಮ್ಯಾರಥಾನ್ ಓಡಿ 19ನೆಯವರಾಗಿ ಬಂದವರು ಅವರು. ಎರಡು ತಾಸು ಐವತ್ತು ನಿಮಿಷ, ಮೇಲೆ ಮುಕ್ಕಾಲು ನಿಮಿಷ. ಇವತ್ತು ಮ್ಯಾರಥಾನ್ ಅಂದರೆ 42.195 ಕಿಲೋಮೀಟರು. ಆ ಸಲದ ದಾರಿ ಅದಕ್ಕಿಂತ ಅರ್ಧ ಕಿಲೋಮೀಟರು ಉದ್ದವೇ ಇತ್ತು. "ನಮ್ಮ ಕಡೀ ಗಂಡ್ಸು ಹಡಗ ಹತ್ತಿ ಹೋಗಿ ಓಡಿ ಬಂದಾನ. ನೀವು ರೈಲ ಹತ್ತಿ ಹೋಗ್ಲಾಕ ಏನ್ ಆಗ್ತದ?" ಅಂದರು. ಮರುದಿನ ಖಣಿ ಹುಡುಗ ಹೆಸರು ಬರೆಸಲು ರೊಕ್ಕ ತಂದುಕೊಟ್ಟ.

ಶುಕ್ರವಾರವೇ ಹೊರಟೆವು. ಚಿತ್ತಾಪುರ ಬಿಟ್ಟರೆ ಮಳಖೇಡ ರೋಡ್, ಸೇಡಂ, ಕುರಗುಂಟಾ, ತಾಂಡೂರು. ಮಳಖೇಡ ದಾಟುವಾಗ ಮಾಸ್ತರ್ರು ಯಾವಾಗಲೂ ಎದ್ದು ಬಾಗಿಲ ಬಳಿ ನಿಂತು ಕಾಗಿಣಾ ನದಿ ಇರುವ ದಿಕ್ಕಿಗೆ ಕೈ ಮುಗಿಯುತ್ತಾರೆ. ಅಮೋಘವರ್ಷನ ರಾಜಧಾನಿ, ಕೂತು ದಾಟಬಾರದು ಅಂತ ಅವರ ನೇಮ. ವಿಕಾರಾಬಾದ್ ಬಂದಾಗ ಮಳೆ ಹಿಡಿಯಿತು. ಕಿಟಕಿ ಹಾಕಿಕೊಂಡು ಎಲ್ಲರೂ ಚುಡವಾ ತಿಂದೆವು.

ಇಳಿದದ್ದು ಲಿಂಗಂಪಲ್ಲಿಯಲ್ಲಿ. ನಮ್ಮ ಕಾಕಿಯ ಮನೆ ಅಲ್ಲೇ ಹತ್ತಿರ. ದೂರದ ಸಂಬಂಧ, ಅಪ್ಪನ ಕಡೆಯಿಂದಲೋ ಅವ್ವನ ಕಡೆಯಿಂದಲೋ ಅನ್ನುವುದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ, ಕಾಕಿ ಅಂದರೆ ಕಾಕಿ. ಒಂದು ಬರಗಾಲದಲ್ಲಿ ಕಾಕಾನ ಜತೆ ಸೇಡಂ ಕಡೆಯಿಂದ ಬಂದವಳು. ಅಂದಿನಿಂದ ಕಟ್ಟಡದ ಕೆಲಸ, ರಸ್ತೆ ಕೆಲಸ. ಕಾಕಾ ಹೋದ ಮೇಲೂ ಊರಿಗೆ ಮರಳಲಿಲ್ಲ. ಅವಳ ಒಂದು ಮಾತಿನಲ್ಲಿ ಕನ್ನಡ, ತೆಲುಗು, ದಖನಿ ಮೂರೂ ಇರುತ್ತವೆ. ಕಾಯಿಪಲ್ಯದವನ ಹತ್ತಿರ ತೆಲುಗು, ಆಟೋದವನ ಹತ್ತಿರ ದಖನಿ, ಸಿಟ್ಟು ಬಂದರೆ ಮಾತ್ರ ಶುದ್ಧ ಸೇಡಂ ಕನ್ನಡ.

ಆ ಕನ್ನಡ ನಾವು ಶನಿವಾರ ರಾತ್ರಿ ಕೇಳಿದೆವು. ಬೆಳಿಗ್ಗೆ ಹೈಟೆಕ್ಸಿಗೆ ಹೋಗಿ ಎದೆಗೆ ಕಟ್ಟುವ ನಂಬರು, ಅದರ ಹಿಂದೆ ಅಂಟಿಸಿದ ಚಿಪ್ಪು ತಂದಿದ್ದೆವು. ಕಾಕಿ ಜ್ವಾಳದ ರೊಟ್ಟಿ ಬಡಿದು, ಪುಂಡಿ ಪಲ್ಯ ಮಾಡಿ, ಮೇಲೆ ಬಳ್ಳೊಳ್ಳಿ ಒಗ್ಗರಣೆ ಹಾಕಿ ಕಾಯುತ್ತಿದ್ದಳು. ಮಾಸ್ತರ್ರು ಹಣಿಕಿ ನೋಡಿ, "ಪುಂಡಿಪಲ್ಯ ಇವತ್ತ ಬ್ಯಾಡ್ರಿ. ಹುಳಿ, ನಾರು. ನಾಳಿ ಹುಡುಗರ ಹೊಟ್ಟಿ ಕೆಡ್ತದ" ಅಂದರು.

"ನನ್ನ ಕೈಯಾಂದು ಉಂಡು ಯಾರ ಹೊಟ್ಟಿ ಕೆಟ್ಟದ ಇಲ್ಲಿತನ? ಹೆಸರ ಹೇಳ್ರಿ ಮಾಸ್ತರ್ರ" ಅಂದಳು ಕಾಕಿ, ಸೌಟು ಹಿಡಿದುಕೊಂಡೇ.

ಅವರು ಸೋಲಲಿಲ್ಲ, ಇವಳೂ ಸೋಲಲಿಲ್ಲ. ಕೊನೆಗೆ ನಮಗೆ ಅನ್ನ, ತೊಗರಿ ಬ್ಯಾಳಿ, ತುಪ್ಪ. ಪುಂಡಿಪಲ್ಯವನ್ನು ಒಂದು ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಳ ಒತ್ತಿ ಎತ್ತಿಟ್ಟಳು. ಉಂಡಾದ ಮೇಲೆ ಕೇಳಿದಳು, ನಾಳೆ ಎಲ್ಲಿಂದ ಎಲ್ಲಿಗೆ ಓಡುತ್ತೀರಿ ಅಂತ. ಹುಸೇನ್ ಸಾಗರದ ದಂಡೆಯ ಪೀಪಲ್ಸ್ ಪ್ಲಾಜಾದಿಂದ ಗಚ್ಚಿಬೌಲಿ ಸ್ಟೇಡಿಯಂ ತನಕ, ನಡುವೆ ಸುತ್ತು ಬೇರೆ, ಅಂದೆ. ಪಂಜಾಗುಟ್ಟಾ, ಜೂಬಿಲಿ ಹಿಲ್ಸ್, ಕೇಬಲ್ ಸೇತುವೆ ಅಂತ ಹೇಳುತ್ತ ಹೋದ ಹಾಗೆ ಅವಳು ತಲೆ ಹಾಕುತ್ತ ಹೋದಳು. ಎಲ್ಲ ಏರು ಅವಳಿಗೆ ಗೊತ್ತು. ಗಚ್ಚಿಬೌಲಿ ಕಡೆಯ ಒಂದು ಮೇಲ್ಸೇತುವೆ ಕಟ್ಟುವಾಗ ತಲೆ ಮೇಲೆ ಕಾಂಕ್ರೀಟಿನ ಬುಟ್ಟಿ ಹೊತ್ತು ಹತ್ತಿದವಳು ಆಕೆ.

"ಏರು ಬಂತಂದ್ರ ತುದಿ ನೋಡಬ್ಯಾಡ ತಮ್ಮಾ. ನಾಕ ಮಾರು ಮುಂದಿನ ನೆಲ ನೋಡು. ಹೆಜ್ಜಿ ಸಣ್ಣು ಮಾಡು. ಉಸರು ಬಾಯಾಗ ಬಿಡು. ಬುಟ್ಟಿ ಹೊತ್ತಾಗ ನಾವು ಹಂಗೇ ಮಾಡ್ತಿದ್ವಿ, ಇಲ್ಲಂದ್ರ ದಿನಾ ಎಲ್ಲಿ ಮುಗಿತದ?"

ಮಾಸ್ತರ್ರು ನೋಟುಬುಕ್ಕು ತೆಗೆದು ಅದನ್ನು ಬರೆದುಕೊಂಡರು.

ಬೆಳಗಿನ ಜಾವದ ಹುಸೇನ್ ಸಾಗರ ನನಗೆ ಚೂರು ಚೂರಾಗಿ ನೆನಪಿದೆ. ನೀರಿನ ನಡುವೆ ಬುದ್ಧನ ಮೂರ್ತಿಗೆ ಬೆಳಕು ಬಿಟ್ಟಿದ್ದರು. ತುಂತುರು ಹನಿ. ಸಾವಿರಾರು ಮಂದಿ ನಿಂತಲ್ಲೇ ಕುಣಿಯುತ್ತಿದ್ದರು. ನೋವಿನ ಎಣ್ಣೆಯ ಘಮ ಎಲ್ಲ ಕಡೆ. ಹೊರಡುವ ಸೂಚನೆ ಹೇಗೆ ಕೊಟ್ಟರೋ ಮರೆತಿದ್ದೇನೆ. ಜನ ಸರಿದರು, ನಾವೂ ಸರಿದೆವು.

ಮೊದಲ ಹತ್ತು ಹದಿನೈದು ಕಿಲೋಮೀಟರು ಖಣಿ ಹುಡುಗ ನನ್ನ ಪಕ್ಕದಲ್ಲೇ ಇದ್ದ. ಸೋಮಾಜಿಗುಡಾ ಹತ್ತಿರವೋ ಅದಕ್ಕೂ ಮೊದಲೋ, ಒಂದು ಹಳೇ ಫುಟ್‌ಪಾತಿನ ಪಕ್ಕ ಹಾಯುವಾಗ ನೆಲಕ್ಕೆ ಕಣ್ಣು ಹಾಕಿ, "ಸರ್, ಇದು ನಮ್ದ್ರಿ" ಅಂದ. ಬೂದು ಬಣ್ಣದ ಶಹಾಬಾದ್ ಪರ್ಸಿ, ಮಳೆಗೆ ತೊಯ್ದು ಕಪ್ಪಾಗಿತ್ತು. ತಾಂಡೂರು ಕಲ್ಲಿನಲ್ಲಿ ಹಳದಿ ಇರುತ್ತದೆ, ನೀಲಿ ಇರುತ್ತದೆ, ಇದು ಹಾಗಲ್ಲ ಅಂತ ಓಡುತ್ತಲೇ ವಿವರಿಸಿದ. ಇಡೀ ದಿನದಲ್ಲಿ ಅವನು ಆಡಿದ ಉದ್ದನೆಯ ಮಾತು ಅದೇ. ಆಮೇಲೆ ಅವನ ಕಾಲು ಬಿಸಿಯಾದವು. "ಮುಂದ ಹೋಗ್ಲಾ ಸರ್?" ಅಂದ. ಹೋಗಪ್ಪಾ ಅಂದೆ. ಜೂಬಿಲಿ ಹಿಲ್ಸಿನ ಏರಿನಲ್ಲಿ ಅವನ ಕೆಂಪು ಬನೀನು ಮಂದಿ ನಡುವೆ ಮೇಲೆ ಮೇಲೆ ಹೋಗಿ ಕಾಣೆಯಾಯಿತು.

ಹೈದ್ರಾಬಾದಿನ ದಾರಿ ಸಪಾಟಿಲ್ಲ. ದಖನಿನ ಬಂಡೆಗಲ್ಲಿನ ಊರು ಅದು. ಒಂದು ಫ್ಲೈಓವರ್ ಇಳಿದರೆ ಒಂದು ಗುಡ್ಡ, ಗುಡ್ಡ ಇಳಿದರೆ ಇನ್ನೊಂದು ಫ್ಲೈಓವರ್. ನಾಗಾವಿ ದಾರಿಯ ಸಪಾಟು ಹೊಲದಲ್ಲಿ ಓಡಿದ ಕಾಲಿಗೆ ಇದು ಬೇರೆಯೇ ಪಾಠ. ಆದರೂ ಕೇಬಲ್ ಸೇತುವೆ ತನಕ ನನಗೆ ಖುಷಿಯೇ ಇತ್ತು. ಬೆಳಗಾಗಿತ್ತು. ಕೆಳಗೆ ಕೆರೆ, ಎರಡೂ ಕಡೆ ಬಂಡೆ, ಮೇಲೆ ಬಿಗಿದ ತಂತಿಗಳು. ಅಲ್ಲಲ್ಲಿ ಹುಡುಗರು ಡಪ್ಪು ಬಾರಿಸುತ್ತಿದ್ದರು. ಮನೆ ಗೇಟಿನಲ್ಲಿ ನಿಂತ ಮುದುಕಿಯರು ಕೈ ಬೀಸುತ್ತಿದ್ದರು. ಉಪ್ಪು ಹಚ್ಚಿದ ಕಿತ್ತಳೆ ತೊಳೆ ಕೊಟ್ಟ ಒಬ್ಬ ಪುಟ್ಟ ಹುಡುಗಿ "ಅಂಕಲ್, ಸೂಪರ್" ಅಂದಳು. ಆ ತೊಳೆಯ ರುಚಿ ಇನ್ನೂ ನಾಲಿಗೆ ಮೇಲಿದೆ.

ಮೂವತ್ತು ದಾಟಿದ ಮೇಲೆ ಕಾಲು ನನ್ನವಲ್ಲ ಅನ್ನಿಸತೊಡಗಿತು. ನೋವು ಅಂದರೆ ನೋವಲ್ಲ, ಒಳಗೆ ಏನೋ ತೀರಿಹೋದ ಹಾಗೆ. ನೀರಿನ ಟೇಬಲ್ಲಿನ ಹತ್ತಿರ ಒಬ್ಬ ಡಾಕ್ಟರ ಹುಡುಗಿ ಇದ್ದಳು. ನನ್ನನ್ನು ನಿಲ್ಲಿಸಿ, ಹೆಸರು ಕೇಳಿ, ಇವತ್ತು ಯಾವ ವಾರ ಅಂತ ಕೇಳಿದಳು. ಸರಿಯಾಗಿ ಹೇಳಿದೆ. ಆಮೇಲೆ ಸಮಾಧಾನದಿಂದ ತಿಳಿಸಿದಳು: ಸ್ನಾಯುವಿನಲ್ಲಿ, ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಹೆಚ್ಚಿನವರಿಗೆ ಮೂವತ್ತು ಕಿಲೋಮೀಟರಿನ ಆಸುಪಾಸು ಮುಗಿಯುತ್ತದೆ, ಆಮೇಲೆ ಶರೀರ ಕೊಬ್ಬು ಕರಗಿಸಿ ನಡೆಯಬೇಕು, ಅದು ನಿಧಾನದ ಕೆಲಸ. ಬರೀ ನೀರು ಗಟಗಟ ಕುಡಿಯಬೇಡಿ, ರಕ್ತದಲ್ಲಿ ಉಪ್ಪು ಇಳಿಯುತ್ತದೆ ಅಂತ ಹೇಳಿ ಓಆರ್‌ಎಸ್ ಕೊಟ್ಟಳು, ಅರ್ಧ ಬಾಳೆಹಣ್ಣು ಕೊಟ್ಟಳು. ನನ್ನ ಕಿಸೆಯಲ್ಲಿ ಮಾಸ್ತರ್ರ ಶೇಂಗಾ ಉಂಡಿ ಪುಡಿಯಾಗಿ ಉಳಿದಿತ್ತು. ಅದನ್ನೂ ಬಾಯಿಗೆ ಸುರಿದುಕೊಂಡೆ. ಬೆಲ್ಲ ಗಂಟಲಿಗಿಳಿದ ಹಾಗೆ ಕಣ್ಣು ತಿಳಿಯಾದವು.

ಆಮೇಲಿನದು ಬಹಳಷ್ಟು ನಡಿಗೆ, ಸ್ವಲ್ಪ ಓಟ. ಬಿಸಿಲು ಬಿದ್ದಿತ್ತು. ಗಾಜಿನ ದೊಡ್ಡ ದೊಡ್ಡ ಆಫೀಸುಗಳು, ರವಿವಾರವಾದ್ದರಿಂದ ಎಲ್ಲ ಮುಚ್ಚಿದ್ದವು. ಮುಂದೆ ಫ್ಲೈಓವರ್ ಎದ್ದು ನಿಂತದ್ದು ಕಂಡಿತು. ನಾನು ತುದಿ ನೋಡಲಿಲ್ಲ. ನಾಲ್ಕು ಮಾರು ನೆಲ, ಸಣ್ಣ ಹೆಜ್ಜೆ, ಬಾಯಲ್ಲಿ ಉಸಿರು. ನನ್ನ ಪಕ್ಕದಲ್ಲಿ ಒಬ್ಬರು ಓಟ ಬಿಟ್ಟು ಕಟ್ಟೆ ಹಿಡಿದು ನಿಂತಿದ್ದರು. ಅವರಿಗೂ ನನಗೆ ಬರುವಷ್ಟು ಹಿಂದಿಯಲ್ಲಿ ಅದನ್ನೇ ಹೇಳಿದೆ. ಇಬ್ಬರೂ ಕೂಡಿ ಹತ್ತಿದೆವು. ಆ ಕಾಂಕ್ರೀಟಿನಲ್ಲಿ ಯಾವ ಬುಟ್ಟಿ ಯಾರು ಹೊತ್ತದ್ದು, ಅದರ ಸಿಮೆಂಟು ನಮ್ಮ ವಾಡಿಯದೋ ಸೇಡಮಿನದೋ, ಇದನ್ನೆಲ್ಲ ಯೋಚಿಸುತ್ತ ಹತ್ತಿದೆ. ಈ ಊರಿನ ಎಷ್ಟೋ ಅಂಗಳಕ್ಕೆ ನಮ್ಮ ಕಲ್ಲು, ಎಷ್ಟೋ ಗೋಡೆಗೆ ನಮ್ಮ ಬೆವರು. ಇಲ್ಲಿ ನಾನು ಪರದೇಶಿ ಅಲ್ಲ ಅನ್ನುವುದು ಆ ಏರಿನ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿತು.

ಇಳಿಜಾರಿನ ಬುಡದಲ್ಲಿ ಕೂಗು ಕೇಳಿಸಿತು. ನಾಲ್ಕೈದು ಹೆಂಗಸರು, ನಡುವೆ ಕಾಕಿ, ಕೈಯಲ್ಲಿ ಡಬ್ಬಿ. "ತಮ್ಮಾ, ಇನ್ನ ಏರಿಲ್ಲ! ಸ್ಟೇಡಿಯಂ ತನಕ ಏರಿಲ್ಲ!" ಅಂತ ಕೂಗುತ್ತ ರಸ್ತೆಯ ಬದಿಗೇ ನನ್ನ ಸಮ ಸ್ವಲ್ಪ ದೂರ ಓಡಿದಳು, ಸೀರೆ ನೆರಿಗೆ ಎತ್ತಿ ಹಿಡಿದು, ರಬ್ಬರ್ ಚಪ್ಪಲಿಯಲ್ಲಿ.

ಸ್ಟೇಡಿಯಮ್ಮಿನೊಳಗೆ ಮಾಸ್ತರ್ರು ಗಡಿಯಾರ ಹಿಡಿದು ನಿಂತಿದ್ದರು. ಐದು ತಾಸಿನ ಮೇಲೆ ಎಷ್ಟೋ ನಿಮಿಷ. ಖಣಿ ಹುಡುಗ ಆಗಲೇ ಬಂದು, ಪದಕ ಹಾಕಿಸಿಕೊಂಡು, ಹುಲ್ಲಿನ ಮೇಲೆ ನಿದ್ದೆ ಹೊಡೆಯುತ್ತಿದ್ದ. ನನ್ನ ಕೊರಳಿಗೂ ಒಂದು ಪದಕ ಬಿತ್ತು. ಮಾಸ್ತರ್ರು ಬೆನ್ನ ಮೇಲೆ ಕೈ ಇಟ್ಟು, ಏನೂ ಹೇಳದೆ ಅಲ್ಲಿಯೇ ಸ್ವಲ್ಪ ಹೊತ್ತು ಇಟ್ಟಿದ್ದರು.

ಹೊರಗೆ ಒಂದು ಬೇವಿನ ಮರದ ಕೆಳಗೆ ಕಾಕಿ ಡಬ್ಬಿ ಬಿಚ್ಚಿದಳು. ರೊಟ್ಟಿ, ರಾತ್ರಿಯ ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ. ಪುಂಡಿಪಲ್ಯ ಮರುದಿನಕ್ಕೇ ರುಚಿ ಅನ್ನುವುದು ನಮ್ಮ ಕಡೆಯವರಿಗೆಲ್ಲ ಗೊತ್ತಿದ್ದದ್ದೇ. ಮಾಸ್ತರ್ರು ಎರಡು ಸಲ ಹಾಕಿಸಿಕೊಂಡರು. ಕಾಕಿ ನನ್ನ ಪದಕ ಅಂಗೈಯಲ್ಲಿ ಇಟ್ಟು ತೂಗಿ ನೋಡಿದಳು.

"ಇಷ್ಟ ಓಡಿದ್ದಕ್ಕ ರೊಕ್ಕ ಎಷ್ಟು ಕೊಟ್ರು?"

ಅವರು ಕೊಡಲಿಲ್ಲ, ನಾವೇ ಕಟ್ಟಿದ್ದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಸೆರಗಿನಿಂದ ಪದಕ ಒರೆಸುತ್ತ ಕೇಳಿದಳು, "ಹೆಂಗಸ್ರಿಗಿ ಇರ್ತದೇನು? ನನ್ನಂಥಾಕಿ ಓಡಬೌದೇನು?"

ಐದು ಕಿಲೋಮೀಟರಿನದೂ ಇದೆ, ಯಾರಾದರೂ ಓಡಬಹುದು ಅಂದೆ.

"ಸೀರಿ ಮ್ಯಾಲ?"

"ಸೀರಿ ಉಡಬಾರ್ದಂತ ಎಲ್ಲೂ ಬರದಿಲ್ರಿ" ಅಂದರು ಮಾಸ್ತರ್ರು. ಕೈ ತೊಳೆದು, ಚೀಲದಿಂದ ನೋಟುಬುಕ್ಕು ತೆಗೆದು, ಹೊಸ ಹಾಳೆ ತಿರುವಿ, ಮೇಲೆ ಕಾಕಿಯ ಹೆಸರು ಬರೆದರು. "ಮೊದಲ ವಾರ. ಸೋಮಾರ, ವಿಶ್ರಾಂತಿ."

"ಸೋಮಾರ ಕೆಲ್ಸ ಐತ್ರಿ ಮಾಸ್ತರ್ರ. ಸ್ಲ್ಯಾಬ ಹಾಕೋದದ."

ಮಾಸ್ತರ್ರು ಆ ಸಾಲು ಹೊಡೆದುಹಾಕಿ, ಸೋಮವಾರ ಸ್ಲ್ಯಾಬು ಅಂತ ಬರೆದು, ಮಂಗಳವಾರಕ್ಕೆ ಇಳಿದರು.